ಬಂಡಿಹಬ್ಬದಲ್ಲಿ ಧರ್ಮ ವಿರೋಧಿ ಕರಪತ್ರ ಹಂಚಬೇಕೋ ಬೇಡವೋ? ಕೆಲಸ ಮಾಡಿದ ಅನುಭವ ಇದ್ದವರು ಹೇಳಿ

ಕೇಳಿದವರು: ಕುಮಟಾ ಕಡೆಯ ಹುಡುಗ, 26 ವರ್ಷ

ನಾವು ಆರು ಜನ ಇದ್ದೇವೆ. ಎಲ್ಲರೂ ಎಡಪಂಥದ ಓದಿನಿಂದ ಬಂದವರು. ವಾರಕ್ಕೊಮ್ಮೆ ಒಬ್ಬರ ಮನೆಯ ಜಗುಲಿಯಲ್ಲಿ ಸೇರಿ ಮಾತಾಡುತ್ತೇವೆ. ನಮ್ಮ ಓರಗೆಯ ಹುಡುಗರು ಒಬ್ಬೊಬ್ಬರಾಗಿ ಕೋಮು ಸಂಘಟನೆಗಳ ಕಡೆ ಹೋಗುತ್ತಿದ್ದಾರೆ. ಅದನ್ನು ನೋಡಿ ನಮ್ಮಲ್ಲಿ ಇಬ್ಬರು, ಧರ್ಮವನ್ನು ವಿರೋಧಿಸಲಿಕ್ಕೇ ಒಂದು ವೇದಿಕೆ ಕಟ್ಟೋಣ ಅಂತಿದ್ದಾರೆ. ಮೊದಲ ಕೆಲಸ, ಊರ ದೇವರ ಜಾತ್ರೆಯಾದ ಬಂಡಿಹಬ್ಬದ ದಿನ ಕರಪತ್ರ ಹಂಚುವುದು. ನನಗೆ ದೇವರಲ್ಲಿ ನಂಬಿಕೆ ಇಲ್ಲ. ಆದರೆ ನಮ್ಮ ಆಯಿ ಪ್ರತಿ ವರ್ಷ ಬಂಡಿಹಬ್ಬಕ್ಕೆ ಹರಕೆ ಕಾಯಿ ಒಪ್ಪಿಸುತ್ತಾಳೆ. ಆ ಕಾಗದ ಅವಳ ಕೈಗೂ ಬರುತ್ತದೆ. ಪುಸ್ತಕದ ಉತ್ತರ ನಮ್ಮ ಹತ್ತಿರ ಇದೆ. ಈ ಉತ್ತರ ಕನ್ನಡ ಜಿಲ್ಲೆಯಲ್ಲಿ ನಿಂತು ಕೆಲಸ ಮಾಡಿದವರ ಮಾತು ಬೇಕು.

ಅಂಕೋಲಾದಿಂದ, ನಿವೃತ್ತ ಮಾಸ್ತರು

ತಮ್ಮಾ, ನೀನು ಕೇಳಿದ ಕೆಲಸವನ್ನು ನಾವು 1984ರಲ್ಲಿ ಮಾಡಿದ್ದೇವೆ. ನಾನಾಗ ಹೊಸದಾಗಿ ಶಾಲೆಗೆ ಸೇರಿದ್ದೆ. ನಾಲ್ಕು ಜನ ಸೇರಿ ಒಂದು ಕರಪತ್ರ ಬರೆದೆವು. ಕಾಡಂಚಿನ ಒಂದು ಕೇರಿಯಲ್ಲಿ ಜಟಕ ಅನ್ನುವ ದೇವರ ಕಲ್ಲು ಇತ್ತು. ವರ್ಷಕ್ಕೊಮ್ಮೆ ಅಲ್ಲಿ ಕೋಳಿ ಕೊಡುತ್ತಿದ್ದರು. ‘ಕಲ್ಲಿಗೆ ಕೋಳಿ ಯಾಕೆ?’ ಅಂತ ತಲೆಬರಹ. ಹಬ್ಬದ ದಿನವೇ ಹೋಗಿ ಹಂಚಿದೆವು.

ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಅಲ್ಲಿ ಪೂಜೆ ಮಾಡುವ ಗುನಗರು ಕಾಗದ ತಗೊಂಡರು. ಅವರಿಗೆ ಓದಲು ಬರುತ್ತಿರಲಿಲ್ಲ. ‘ಮಾಸ್ತರೇ, ನೀವೇ ಓದಿ ಹೇಳಿ’ ಅಂದರು. ಎಲ್ಲರ ಎದುರು ಓದಿದೆ. ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ದನಿ ಸಣ್ಣದಾಗಿತ್ತು. ಪೂರ್ತಿ ಕೇಳಿದರು. ಆಮೇಲೆ ಇಷ್ಟೇ ಕೇಳಿದರು: ‘ಹೋದ ಮಳೆಗಾಲದಲ್ಲಿ ನಮ್ಮ ನಾಲ್ಕು ಗುಡಿಸಲು ಕೀಳಿಸಿದರಲ್ಲ, ಆಗ ನೀವ್ಯಾರೂ ಬರಲಿಲ್ಲ ಅಲ್ವಾ?’

ಅತಿಕ್ರಮಣ ಅಂತ ಗುಡಿಸಲು ಕಿತ್ತ ಸಂಗತಿ ನಮಗೆ ಗೊತ್ತಿತ್ತು. ಹೋಗಿರಲಿಲ್ಲ. ಆ ಮೇಲೆ ಹತ್ತು ವರ್ಷ ಆ ಕೇರಿಯಲ್ಲಿ ನಾವು ಕರೆದ ಸಭೆಗೆ ಯಾರೂ ಬರಲಿಲ್ಲ. ಕೂಲಿಯ ಮಾತಿಗೂ ಬರಲಿಲ್ಲ.

ಇನ್ನು ಮುಂದಿನ ಕತೆ ಕೇಳು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದೇವೆ ಅಂತ ತೋರಿಸಬೇಕು. ನಮ್ಮ ಜಿಲ್ಲೆಯ ಸಾವಿರಾರು ಕುಟುಂಬ ಸಿಕ್ಕಿಬಿದ್ದದ್ದು ಇಲ್ಲೇ. 75 ವರ್ಷದ ಹಿಂದಿನ ಕಾಗದ ಕೂಲಿಯವರ ಮನೆಯಲ್ಲಿ ಎಲ್ಲಿರುತ್ತದೆ? ನಿಯಮಗಳನ್ನು ಸಾಲು ಸಾಲಾಗಿ ಓದಿದೆವು. ಪುರಾವೆ ಅಂತ ಒಪ್ಪುವ ಪಟ್ಟಿಯಲ್ಲಿ ಹಳೆಯ ಬಾವಿ, ಹೆಣ ಹೂಳಿದ ಜಾಗ, ದೇವರ ಜಾಗ, ಹಿರಿಯರ ಹೇಳಿಕೆ, ವಂಶಾವಳಿ ಇವೆ.

ದೇವರ ಜಾಗ. ನಾವು ಏನೂ ಅಲ್ಲ ಅಂದಿದ್ದ ಅದೇ ಜಟಕನ ಕಲ್ಲು. ಹಿರಿಯರು ಅಂದರೆ ಅದೇ ಗುನಗರು.

ಅವರ ಮನೆಗೆ ಹೋದೆ. ಕಾಲು ಭಾರವಾಗಿತ್ತು. ಅವರು ಕೂರಿಸಿ ಆಸರಿಗೆ ಕೊಟ್ಟರು, ಬೆಲ್ಲ ಮತ್ತು ನೀರು. ಹಳೆಯದೇನೂ ಎತ್ತಲಿಲ್ಲ. ಅವರ ಅಜ್ಜನ ಕಾಲದಲ್ಲಿ ಆ ಕಲ್ಲಿಗೆ ಯಾವ ಮನೆಯವರು ಎಣ್ಣೆ ತರುತ್ತಿದ್ದರು, ಯಾರು ಕಾಯಿ ತರುತ್ತಿದ್ದರು ಅಂತ ಮನೆ ಮನೆ ಹೆಸರು ಹೇಳಿದರು. ನಾನು ಬರೆದುಕೊಂಡೆ. ಹನ್ನೊಂದು ಮನೆಯ ಅರ್ಜಿ ಅದರ ಮೇಲೆ ನಿಂತಿತು. ಎಲ್ಲವೂ ಪಾಸಾಗಲಿಲ್ಲ. ಜಾಸ್ತಿ ಅರ್ಜಿ ತಿರಸ್ಕಾರವಾದವು, ಮೇಲ್ಮನವಿ ಹಾಕಿದೆವು. ಆದರೆ ಆ ಕೇರಿಯಲ್ಲಿ ಇವತ್ತು ಸಂಘ ಇದೆ. ಕರೆದರೆ ಎಲ್ಲ ಮನೆಯಿಂದಲೂ ಬರುತ್ತಾರೆ.

ನಾನು ಈಗಲೂ ಆ ಕಲ್ಲಿಗೆ ಕೈ ಮುಗಿಯುವುದಿಲ್ಲ. ಅದು ಅವರಿಗೆ ಗೊತ್ತು, ನಾನೂ ಮುಚ್ಚಿಟ್ಟಿಲ್ಲ. ಮುಚ್ಚಿಡಬೇಡ ಅಂತಲೇ ನಿನಗೂ ಹೇಳುತ್ತೇನೆ.

ದಿನಕರ ದೇಸಾಯಿಯವರು ಈ ತಾಲೂಕಿನಲ್ಲಿ ಗೇಣಿದಾರರನ್ನು ಕಟ್ಟಿದ್ದು ನಮ್ಮ ಹಿರಿಯರು ಕಣ್ಣಾರೆ ಕಂಡದ್ದು. 1940ರಲ್ಲಿ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿದರು. ಅವರ ಹಿಂದೆ ನಿಂತ ಹಾಲಕ್ಕಿ ಒಕ್ಕಲು, ನಾಮಧಾರಿ, ಆಗೇರ ಜನ ಸುಗ್ಗಿ ಕುಣಿತ ಬಿಟ್ಟು ಬಂದವರಲ್ಲ. ಸುಗ್ಗಿಯನ್ನೂ ಕುಣಿದರು, ಒಡೆಯನ ಎದುರೂ ನಿಂತರು.

ಸಿರಸಿಯಿಂದ, ಅಂಗನವಾಡಿ ಅಕ್ಕೋರು

ಮಾಸ್ತರ ಮಾತು ಓದಿ ಕಣ್ಣು ತುಂಬಿತು. ನನ್ನದು ಬೇರೆ ತರದ ಅನುಭವ.

ನಮ್ಮ ಕಡೆ ಹಾವು ಕಚ್ಚಿದರೆ ಮೊದಲು ಮಂತ್ರ ಹಾಕುವವರ ಹತ್ತಿರ ಓಡುತ್ತಿದ್ದರು. ನನ್ನ ಅಂಗನವಾಡಿಗೆ ಬರುತ್ತಿದ್ದ ಒಂದು ಮಗುವಿನ ಅಪ್ಪ ಹಾಗೇ ಹೋಗಿಬಿಟ್ಟ. ಅಡಿಕೆ ತೋಟದಲ್ಲಿ ಕಚ್ಚಿತ್ತು. ಮಂತ್ರ ಮುಗಿಸಿ ಆಸ್ಪತ್ರೆಗೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನಗೆ ಸಿಟ್ಟು ಬಂದು ಮಂತ್ರ ಹಾಕುವ ಅಜ್ಜನ ಮನೆಗೇ ಹೋದೆ. ಬೈಯಲಿಕ್ಕೆ ಅಂತಲೇ ಹೋಗಿದ್ದು. ಹೋದರೆ ಆ ಅಜ್ಜ ಮೂಲೆಯಲ್ಲಿ ಕೂತು ಅಳುತ್ತಿದ್ದ. ಯಾರ ಹತ್ತಿರವೂ ದುಡ್ಡು ಮುಟ್ಟಿದವನಲ್ಲ. ತನ್ನಿಂದ ಜೀವ ಉಳಿಯುತ್ತದೆ ಅಂತ ನಿಜಕ್ಕೂ ನಂಬಿದ್ದ.

ನಾವು ಹೆಂಗಸರು ಸೇರಿ ಅವನ ಜೊತೆ ಮಾತಾಡಿದೆವು. ಮಂತ್ರ ಸುಳ್ಳು ಅಂತ ವಾದಕ್ಕೆ ಇಳಿಯಲಿಲ್ಲ. ‘ಅಜ್ಜಾ, ಮೊದಲು ಗಾಡಿ ಹತ್ತಿಸು, ವಿಷ ಇಳಿಸುವ ಇಂಜೆಕ್ಷನ್ ಆಗಲಿ, ನಿನ್ನ ಮಂತ್ರ ಆಮೇಲೆ’ ಅಂದೆವು. ಒಪ್ಪಿದ. ಈಗ ಕಚ್ಚಿಸಿಕೊಂಡವರು ಅವನ ಬಾಗಿಲಿಗೆ ಬಂದರೆ ಅವನೇ ಆಟೋದವನಿಗೆ ಫೋನ್ ಮಾಡುತ್ತಾನೆ. ಅವನು ಹೇಳಿದರೆ ಜನ ಕೇಳುತ್ತಾರೆ. ನಾನು ಹೇಳಿದರೆ ಅಷ್ಟು ಬೇಗ ಕೇಳುವುದಿಲ್ಲ.

ಎಲ್ಲರೂ ಆ ಅಜ್ಜನ ಹಾಗೆ ಇರುವುದಿಲ್ಲ ಅನ್ನುವುದೂ ನಿಜ. ನೋಟ ನೋಡುತ್ತೇವೆ ಅಂತ ಹೇಳಿ ಬಡವರ ಬಂಗಾರ ಅಡ ಇಡಿಸಿದವರನ್ನು ನೋಡಿದ್ದೇನೆ. ದೆವ್ವ ಬಿಡಿಸುತ್ತೇವೆ ಅಂತ ಹೆಣ್ಣುಮಕ್ಕಳಿಗೆ ಹೊಡೆದದ್ದನ್ನೂ ನೋಡಿದ್ದೇನೆ. ಅಂಥವರ ಜೊತೆ ರಾಜಿ ಇಲ್ಲ. ಅದಕ್ಕೆ ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ ಇದೆ, 2020ರಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ಹೆಸರಲ್ಲಿ ಹೊಡೆಯುವುದು, ಹಾವು ನಾಯಿ ಚೇಳು ಕಚ್ಚಿದವರನ್ನು ಚಿಕಿತ್ಸೆಗೆ ಬಿಡದೆ ಮಂತ್ರ ಮಾಡುವುದು, ಎಲ್ಲ ಅಪರಾಧ. ಮನೆಯ ಪೂಜೆ, ಪ್ರದಕ್ಷಿಣೆ, ಯಾತ್ರೆ ಇವನ್ನು ಆ ಕಾಯ್ದೆ ಮುಟ್ಟುವುದಿಲ್ಲ. ನಿಮ್ಮ ಆರು ಜನ ಮೊದಲು ಅದನ್ನು ಕೂತು ಓದಿ ತಮ್ಮಾ. ಎಲ್ಲಿ ನಿಲ್ಲಬೇಕು ಅಂತ ಒಂದು ಅಂದಾಜು ಸಿಗುತ್ತದೆ.

ನಮ್ಮೂರಿನದೇ ಇನ್ನೊಂದು ಸಂಗತಿ. 1934ರಲ್ಲಿ ಗಾಂಧೀಜಿ ಸಿರಸಿಗೆ ಬಂದಾಗ, ಪ್ರಾಣಿಬಲಿ ಕೊಡುತ್ತಾರೆ ಅಂತ ಮಾರಿಗುಡಿಯ ಒಳಗೆ ಹೋಗಲು ಒಪ್ಪಲಿಲ್ಲ. ಆಮೇಲೆ ಊರಿನ ಗಾಂಧಿವಾದಿಗಳು, ಗುಡಿಯ ಆಡಳಿತದವರು ಸೇರಿಯೇ ಬಲಿ ನಿಲ್ಲಿಸಿದರು. ಜಾತ್ರೆ ಎರಡು ವರ್ಷಕ್ಕೊಮ್ಮೆ ಈಗಲೂ ಆಗುತ್ತದೆ, ನಾನೂ ಮಕ್ಕಳನ್ನು ಕರೆದುಕೊಂಡು ಬಳೆಪೇಟೆ ಸುತ್ತುತ್ತೇನೆ. 2023ರ ಜನವರಿಯಲ್ಲಿ ಗ್ರಾಚ್ಯುಟಿಗಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಮಲಗಿದೆವಲ್ಲ, ಪಕ್ಕದಲ್ಲಿದ್ದವಳು ಮಾರಿಯಮ್ಮನ ಕುಂಕುಮದ ಪೊಟ್ಟಣ ಸೆರಗಿಗೆ ಕಟ್ಟಿಕೊಂಡು ಬಂದಿದ್ದಳು. ಆ ಚಳಿಯಲ್ಲಿ ಅವಳ ಕೈಗೆ ನಿಮ್ಮ ಕರಪತ್ರ ಕೊಡಲು ನನ್ನಿಂದ ಆಗುತ್ತಿರಲಿಲ್ಲ.

ಹೊನ್ನಾವರ ತಾಲೂಕಿನಿಂದ

ಇಬ್ಬರಿಗೂ ಗೌರವ ಇಟ್ಟೇ ಬೇರೆ ಮಾತು ಹೇಳಬೇಕಾಗಿದೆ.

ನಾನು ದಲಿತ ಕೇರಿಯವನು. ಚಿಕ್ಕವನಿದ್ದಾಗ ಒಂದು ದೇವಸ್ಥಾನದ ಊಟದಲ್ಲಿ ನಮ್ಮನ್ನು ಹೊರಗೆ, ಬೇರೆ ಸಾಲಿನಲ್ಲಿ ಕೂರಿಸಿದ್ದರು. ಮಳೆ ಬಂತು. ಒಳಗಿದ್ದವರು ಉಂಡರು, ನಮ್ಮ ಎಲೆಗೆ ನೀರು ಬಿತ್ತು. ಅಪ್ಪ ನನ್ನ ಎಲೆಯ ಮೇಲೆ ತನ್ನ ಕೈ ಹಿಡಿದಿದ್ದ. ಕಾಲೇಜಿನಲ್ಲಿ ಎಡಪಂಥದ ಸಂಘಟನೆ ಸೇರಿದೆ, ಖುಷಿಯಿಂದ ಸೇರಿದೆ. ಅಲ್ಲಿ ಈ ಮಾತು ಎತ್ತಿದಾಗೆಲ್ಲ ‘ಮೊದಲು ಕೂಲಿ, ಮೊದಲು ಭೂಮಿ, ಇದು ಆಮೇಲೆ’ ಅನ್ನುತ್ತಿದ್ದರು. ಆ ಆಮೇಲೆ ಬರಲೇ ಇಲ್ಲ.

ಜನರ ನಂಬಿಕೆಗೆ ನೋವಾಗಬಾರದು ಅನ್ನುತ್ತೀರಿ. ಸರಿ. ಯಾವ ಜನರ ನಂಬಿಕೆ? ನನ್ನನ್ನು ಹೊರಗೆ ಕೂರಿಸಿದ್ದೂ ನಂಬಿಕೆಯ ಹೆಸರಲ್ಲೇ. ಅಂಬೇಡ್ಕರ್ 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದರು, ಅದೇ ವರ್ಷ ಮನುಸ್ಮೃತಿ ಸುಟ್ಟರು. ನೋವಾಗುತ್ತದೆ ಅಂತ ಸುಮ್ನೆ ಕೂರಲಿಲ್ಲ. ಆದರೆ ಧರ್ಮವೇ ಬೇಡ ಅಂತಲೂ ಹೇಳಲಿಲ್ಲ. 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧರಾದರು. ನಮ್ಮ ಮನೆಯಲ್ಲಿ ಬುದ್ಧನ ಫೋಟೋಕ್ಕೆ ದೀಪ ಹಚ್ಚುತ್ತೇವೆ. ಅದೂ ನಿಮ್ಮ ಇಬ್ಬರು ಗೆಳೆಯರ ಕರಪತ್ರದಲ್ಲಿ ಬರುತ್ತದೋ?

ಧರ್ಮ ವಿರೋಧಿ ವೇದಿಕೆ ನನಗೂ ಬೇಡ. ಅದು ಎಲ್ಲವನ್ನೂ ಒಂದೇ ಗೋಣಿಗೆ ತುಂಬುತ್ತದೆ. ಆದರೆ ಪಂಕ್ತಿಭೇದ ಎಲ್ಲಿದೆಯೋ ಆ ಜಾಗದ ಹೆಸರು ಹೇಳಿ ನಿಲ್ಲುವ ಸಂಘಟನೆ ಬೇಕೇ ಬೇಕು. ಊರವರು ಮುನಿಸಿಕೊಂಡರೂ ಬೇಕು. ಕೊನೆಗೆ ಒಂದು ಪ್ರಶ್ನೆ. ನಿಮ್ಮ ಆರು ಜನರಲ್ಲಿ ನಮ್ಮಂಥ ಕೇರಿಯಿಂದ ಬಂದವರು ಎಷ್ಟು?

ಕಾರವಾರದಿಂದ, ಮೀನುಗಾರ

ನನಗೆ ಉದ್ದ ಬರೆಯಲು ಬರುವುದಿಲ್ಲ. 2020ರ ಜನವರಿಯಲ್ಲಿ ಬಂದರು ವಿಸ್ತರಣೆ ವಿರುದ್ಧ ನಾವು ಟ್ಯಾಗೋರ್ ಬೀಚಿನಲ್ಲಿ ನಿಂತಾಗ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಎಲ್ಲರೂ ಇದ್ದರು. ದೋಣಿ ಎಲ್ಲಿ ಕಟ್ಟುವುದು ಅನ್ನುವುದೊಂದೇ ಮಾತು. ನಾವು ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಡದೆ ಬಲೆ ಇಳಿಸುವವರಲ್ಲ. ಅವತ್ತು ಯಾರಾದರೂ ಬಂದು ದೇವರಿಲ್ಲ ಅಂದಿದ್ದರೆ, ನಮ್ಮನ್ನು ಒಡೆಯಲು ಕಾಯುತ್ತಿದ್ದವರಿಗೆ ಅಷ್ಟೇ ಸಾಕಾಗಿತ್ತು.

ದಾಂಡೇಲಿಯಿಂದ, ಕಾರ್ಮಿಕ ಸಂಘದಲ್ಲಿ ಇದ್ದವರು

ಪುಸ್ತಕದ ಉತ್ತರ ಇದೆ ಅಂದೆ ನೀನು. ಪುಸ್ತಕವೂ ಅಷ್ಟು ಸರಳವಾಗಿಲ್ಲ ತಮ್ಮಾ. ಧರ್ಮ ಅಫೀಮು ಅನ್ನುವ ಮಾರ್ಕ್ಸ್ ಮಾತನ್ನು ಎಲ್ಲರೂ ಹೇಳುತ್ತಾರೆ. 1844ರ ಆ ಬರಹದಲ್ಲಿ ಅದಕ್ಕೆ ಮೊದಲೇ, ತುಳಿತಕ್ಕೆ ಸಿಕ್ಕಿದ ಜೀವದ ನಿಟ್ಟುಸಿರು ಧರ್ಮ ಅಂತ ಇದೆ. ಲೆನಿನ್ ನಾಸ್ತಿಕ ಪ್ರಚಾರದ ಪರವಾಗಿಯೇ ಇದ್ದವನು. ಅವನೇ 1909ರಲ್ಲಿ ಒಂದು ಮುಷ್ಕರದ ಉದಾಹರಣೆ ಕೊಡುತ್ತಾನೆ. ಕಾರ್ಮಿಕರಲ್ಲಿ ಕೆಲವರು ಚರ್ಚಿಗೆ ಹೋಗುವವರು, ಕೆಲವರು ನಾಸ್ತಿಕರು. ಅಲ್ಲಿ ಮುಷ್ಕರ ಗೆಲ್ಲುವುದು ಮೊದಲು, ಆ ಹೊತ್ತಿನಲ್ಲಿ ನಾಸ್ತಿಕತೆ ಸಾರುತ್ತ ನಿಂತರೆ ಲಾಭ ಪಾದ್ರಿಗೆ ಅಂತ ಬರೆದ.

ಆಮೇಲೆ ಸೋವಿಯತ್ ದೇಶದಲ್ಲಿ ನಿಮ್ಮ ಗೆಳೆಯರು ಹೇಳುವಂಥ ಸಂಘಟನೆಯನ್ನೇ ಕಟ್ಟಿದರು. 1925ರಲ್ಲಿ ಶುರುವಾಯಿತು, ಲಕ್ಷಾಂತರ ಸದಸ್ಯರಾದರು, ಸರ್ಕಾರದ ಬಲವೂ ಇತ್ತು. 1937ರ ಜನಗಣತಿಯಲ್ಲಿ ಧರ್ಮದ ಪ್ರಶ್ನೆ ಕೇಳಿದರು. ಉತ್ತರ ಕೊಟ್ಟ ದೊಡ್ಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ, ಆ ಭಯದ ಕಾಲದಲ್ಲೂ, ನಮಗೆ ನಂಬಿಕೆ ಇದೆ ಅಂದರು. ಆ ಗಣತಿಯನ್ನೇ ಮುಚ್ಚಿಹಾಕಿದರು. ಅಲ್ಬೇನಿಯಾ 1967ರಲ್ಲಿ ಮಸೀದಿ, ಚರ್ಚು ಎಲ್ಲ ಮುಚ್ಚಿಸಿತು. 1990ರಲ್ಲಿ ಜನ ಮತ್ತೆ ಬಾಗಿಲು ತೆಗೆದರು.

ನಮ್ಮ ಹತ್ತಿರದ್ದೇ ನೋಡು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂವರೂ ಇದ್ದಾರೆ. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ಸಿದ್ದಿಗಳಾಗಿ ಕೇಳಿದರು, 2003ರಲ್ಲಿ ಪಡೆದರು. ಮಹಾರಾಷ್ಟ್ರದ ದಾಭೋಲ್ಕರ್ ಮೂಢನಂಬಿಕೆಯ ವಿರುದ್ಧ ದಶಕಗಳ ಕಾಲ ಕೆಲಸ ಮಾಡಿದರು. ನಮ್ಮ ಜಗಳ ದೇವರ ಜೊತೆಗಲ್ಲ, ದೇವರ ಹೆಸರಲ್ಲಿ ಸುಲಿಯುವವರ ಜೊತೆ ಅಂತ ಅವರ ಸಂಘಟನೆ ಮೊದಲಿನಿಂದ ಹೇಳುತ್ತ ಬಂದಿದೆ. ಅವರನ್ನೇ 2013ರಲ್ಲಿ ಕೊಂದರು. ಅಷ್ಟು ಜಾಗ್ರತೆಯಿಂದ ಮಾತಾಡಿದವರಿಗೂ ಅಪಾಯ ತಪ್ಪಲಿಲ್ಲ. ಅದಕ್ಕೆ ಹೊನ್ನಾವರದವರ ಮಾತನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ಮೆತ್ತಗೆ ಮಾತಾಡಿದರೆ ಎಲ್ಲ ಸರಿಹೋಗುತ್ತದೆ ಅಂತ ನಿನಗೆ ಹೇಳಲಾರೆ.

ಕೇಳಿದವರು

ಎಲ್ಲರ ಮಾತನ್ನೂ ಮೂರು ಸಲ ಓದಿದೆ. ಹೊನ್ನಾವರದ ಅಣ್ಣನ ಪ್ರಶ್ನೆಗೆ ಮೊದಲು ಉತ್ತರ: ನಮ್ಮಲ್ಲಿ ಒಬ್ಬರೂ ಇಲ್ಲ. ನಾಚಿಕೆಯಾಯಿತು. ನಮ್ಮ ಊರಲ್ಲೇ ಅಂಥ ಕೇರಿ ಇದೆ, ನಾನು ಅಲ್ಲಿ ಯಾರ ಮನೆಯ ಒಳಗೂ ಹೋದವನಲ್ಲ.

ಇಬ್ಬರು ಗೆಳೆಯರು ಇನ್ನೂ ಒಪ್ಪಿಲ್ಲ. ಒಬ್ಬ ಸಿಟ್ಟಾಗಿ ಎದ್ದು ಹೋದ. ಕರಪತ್ರ ಈ ಬಂಡಿಹಬ್ಬಕ್ಕೆ ಬೇಡ ಅಂತ ನಾಲ್ಕು ಜನ ನಿಂತೆವು.

ಮಾಸ್ತರು ಬರೆದದ್ದನ್ನು ಆಯಿಗೆ ಓದಿ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, ಗುಡ್ಡದ ಮೇಲಿನ ಚೌಡಿ ಬನದ ಹತ್ತಿರ ಎಂಟು ಮನೆಗೆ ಇನ್ನೂ ಪಟ್ಟಾ ಇಲ್ಲ, ಅಲ್ಲಿಯ ಬಾವಿ ನಮ್ಮ ಅಜ್ಜಿಯ ಕಾಲದಲ್ಲೂ ಇತ್ತು ಅಂದಳು. ಹಬ್ಬದ ಕಾಯಿ ಕೊಡಲು ಅವರು ಮೊದಲಿನಿಂದ ಬರುತ್ತಾರಂತೆ, ಆದರೆ ಗುಡಿಯ ಹೊರಗೇ ನಿಂತು ಕೊಟ್ಟು ಹೋಗುತ್ತಾರಂತೆ. ಇಷ್ಟು ವರ್ಷ ಅದನ್ನು ನಾನು ಗಮನಿಸಿಯೇ ಇರಲಿಲ್ಲ.

ಭಾನುವಾರ ಅಲ್ಲಿಗೆ ಹೋಗುತ್ತೇವೆ. ಆಯಿಯೂ ಬರುತ್ತೇನೆ ಅಂದಿದ್ದಾಳೆ. ಮಾಸ್ತರೇ, ಹಿರಿಯರ ಹೇಳಿಕೆ ಬರೆದುಕೊಳ್ಳುವಾಗ ಏನೇನು ಕೇಳಬೇಕು ಅಂತ ಒಂದು ಪಟ್ಟಿ ಕಳಿಸುತ್ತೀರಾ?

ಅಂಕೋಲಾದ ಮಾಸ್ತರು

ಇವತ್ತೇ ಕಳಿಸುತ್ತೇನೆ. ಒಂದು ಮಾತು, ಮೊದಲ ದಿನವೇ ನೋಟ್‌ಬುಕ್ ತೆಗೆಯಬೇಡ. ಬಾವಿ ನೋಡಿ, ಅವರ ಮನೆಯ ನೀರು ಕುಡಿದು ಬನ್ನಿ. ಗುಡಿಯ ಹೊರಗೆ ನಿಲ್ಲುವ ಸಂಗತಿ ನಿಮ್ಮ ಆಯಿ ತಾನಾಗಿ ಹೇಳಿದ್ದಾರೆ. ಅದನ್ನು ಊರ ಸಭೆಯಲ್ಲಿ ಎತ್ತಲು ಆ ಎಂಟು ಮನೆಯವರು ತಯಾರಿದ್ದಾರಾ ಅಂತ ಕೇಳು. ತಯಾರಿದ್ದರೆ ಹೊನ್ನಾವರದವರಿಗೆ ತಿಳಿಸು, ನಾನೂ ಬರುತ್ತೇನೆ.