ಕೈಯಿಂದ ಓಡಿಸಿದರೆ ಡಯಲ್ ಆಗುವ ಶೆಲ್ ಸ್ಕ್ರಿಪ್ಟ್ ಕ್ರಾನ್‌ನಲ್ಲಿ ಏಕೆ ಸೋಲುತ್ತದೆ?

ಪ್ರಶ್ನೆ – ತೋಟದಮನೆ

ನಮಸ್ಕಾರ. ಶಿರಸಿಯಿಂದ ಒಳಗೆ, ಘಟ್ಟದ ಅಂಚಿನಲ್ಲಿರುವ ನಮ್ಮ ಅಡಿಕೆ ತೋಟಕ್ಕೆ ಕೇಬಲ್ ಇಂಟರ್‌ನೆಟ್ ಬಂದಿಲ್ಲ. ಮೊಬೈಲ್ ಸಿಗ್ನಲ್ ಕೂಡ ಮನೆಯ ಮಾಡಿನ ಅಂಚಿನಲ್ಲಿ ಮಾತ್ರ ಸಿಗುವುದರಿಂದ, ಅಲ್ಲಿ ಹಳೆಯ ಯುಎಸ್‌ಬಿ ಡಾಂಗಲ್ ಒಂದನ್ನು ಕಟ್ಟಿ, ಜಗುಲಿಯಲ್ಲಿರುವ ಡೆಬಿಯನ್ ಕಂಪ್ಯೂಟರಿಗೆ ಉದ್ದದ ವೈರ್ ಎಳೆದಿದ್ದೇನೆ. ಮಳೆಮಾಪಕದ ಲೆಕ್ಕವನ್ನು ದಿನಕ್ಕೆ ಎರಡು ಬಾರಿ ಬೆಂಗಳೂರಿನಲ್ಲಿರುವ ತಮ್ಮನ ಸರ್ವರಿಗೆ ಕಳುಹಿಸುವುದಷ್ಟೇ ಇದರ ಕೆಲಸ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆಯಾದ್ದರಿಂದ ನಾನು 8.40ಕ್ಕೆ ಕಳುಹಿಸುತ್ತೇನೆ, ಸಂಜೆ ಅದೇ ಹೊತ್ತಿಗೆ ಇನ್ನೊಮ್ಮೆ.

ಸ್ಕ್ರಿಪ್ಟ್ ಚಿಕ್ಕದು. ಡಾಂಗಲ್ ಮೂಲಕ ಇಂಟರ್‌ನೆಟ್ ಸಂಪರ್ಕ ಕಟ್ಟುವ ಪಿಪಿಪಿಡಿ (pppd) ಎಂಬ ಪ್ರೋಗ್ರಾಮನ್ನು ಹಿನ್ನೆಲೆಯಲ್ಲಿ ಆರಂಭಿಸುತ್ತದೆ, 30 ಸೆಕೆಂಡ್ ಸ್ಲೀಪ್ ಮಾಡುತ್ತದೆ (ಸುಮ್ಮನೆ ಕಾಯುತ್ತದೆ), ಕಡತವನ್ನು ಕಳುಹಿಸುತ್ತದೆ, ಕೊನೆಗೆ ಕಿಲ್‌ಆಲ್‌ನಿಂದ ಪಿಪಿಪಿಡಿಯನ್ನು ಕೊಲ್ಲುತ್ತದೆ. ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಕೈಯಿಂದ ಓಡಿಸಿದರೆ ಪ್ರತಿ ಸಲವೂ ಸರಿಯಾಗಿ ನಡೆಯುತ್ತದೆ. ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ಕ್ರಾನ್‌ನ ಪಟ್ಟಿಯಲ್ಲಿ, ಅಂದರೆ ರೂಟ್‌ನದೇ ಕ್ರಾನ್‌ಟ್ಯಾಬ್‌ನಲ್ಲಿ ಹಾಕಿದ ಮೇಲೆ ಒಂದು ಸಲವೂ ಲೆಕ್ಕ ತಲುಪಿಲ್ಲ. ಎಲ್ಲಿ ತಪ್ಪಿದ್ದೇನೆ ಎಂದು ದಯವಿಟ್ಟು ತಿಳಿಸಿ.

ಉತ್ತರ – ಕಪ್ಪುಪರದೆ

ಒಂದು ಸಲವೂ ಹೋಗಿಲ್ಲವೆಂದರೆ ಬಹುತೇಕ ಪಾತ್‌ನದೇ, ಅಂದರೆ ಪ್ರೋಗ್ರಾಂಗಳನ್ನು ಹುಡುಕುವ ಕಡತಕೋಶಗಳ ಪಟ್ಟಿಯದೇ, ತೊಂದರೆ. ನೀವು ಲಾಗಿನ್ ಆದಾಗ ಸಿಗುವ ಪಾತ್ ಕ್ರಾನ್‌ಗೆ ಸಿಗುವುದಿಲ್ಲ. ಅದು ಯುಎಸ್‌ಆರ್ ಬಿನ್ (/usr/bin) ಮತ್ತು ಬಿನ್ (/bin) ಎಂಬ ಎರಡು ಕಡೆ ಮಾತ್ರ ಹುಡುಕುತ್ತದೆ. ಪಿಪಿಪಿಡಿ ಇರುವುದು ಯುಎಸ್‌ಆರ್ ಎಸ್‌ಬಿನ್‌ನಲ್ಲಿ (/usr/sbin). ಸ್ಕ್ರಿಪ್ಟಿನಲ್ಲಿ ಪೂರ್ಣ ವಿಳಾಸವನ್ನೇ ಬರೆಯಿರಿ. ಅದಕ್ಕೂ ಬಗ್ಗದಿದ್ದರೆ ಡಬ್ಲ್ಯುವಿಡಯಲ್ ಎಂಬ ಡಯಲ್ ಮಾಡುವ ಪ್ರೋಗ್ರಾಂ ಹಾಕಿ ನೋಡಬಹುದು.

ತೋಟದಮನೆ

ತುಂಬಾ ಧನ್ಯವಾದ, ಪೂರ್ಣ ವಿಳಾಸ ಬರೆದ ಸಂಜೆಯೇ ಮೊದಲ ಲೆಕ್ಕ ತಲುಪಿತು. ಆದರೆ ಕಳೆದ ಎಂಟು ದಿನಗಳಲ್ಲಿ ಹದಿನಾರು ಸಲ ಡಯಲ್ ಮಾಡಬೇಕಿದ್ದಲ್ಲಿ ಐದು ಸಲ ಕಡತ ಹೋಗಲಿಲ್ಲ. ಅವುಗಳಲ್ಲಿ ಒಂದು ದಿನದ ಲಾಗ್ ತೆಗೆದು ನೋಡಿದೆ: 8 ಗಂಟೆ 40 ನಿಮಿಷ 02 ಸೆಕೆಂಡಿಗೆ ಡಯಲ್ ಆರಂಭವಾಗಿದೆ, ಐಪಿ ವಿಳಾಸ ಸಿಕ್ಕಿದ್ದು 43ನೆಯ ಸೆಕೆಂಡಿಗೆ. ಅಷ್ಟರಲ್ಲಿ ನನ್ನ ಸ್ಕ್ರಿಪ್ಟ್ ಕಳುಹಿಸಲು ಹೋಗಿ ಸೋತಿತ್ತು. ಸ್ಲೀಪ್ ಅನ್ನು 90 ಸೆಕೆಂಡಿಗೆ ಏರಿಸಿದರೆ ಸಾಕೇ?

ಉತ್ತರ – ಹಳೆಮೋಡೆಮ್

ದಯವಿಟ್ಟು ಏರಿಸಬೇಡಿ. ನಾನು ದೂರವಾಣಿ ತಂತಿಯ 56ಕೆ ಮೋಡೆಮ್‌ಗಳ ಕಾಲದಿಂದ ಇಂತಹ ಸ್ಕ್ರಿಪ್ಟ್‌ಗಳನ್ನು ಬರೆಯುತ್ತ ಬಂದವನು. ಸ್ಲೀಪ್‌ನ ಮೇಲೆ ನಿಂತ ಡಯಲ್ ಸ್ಕ್ರಿಪ್ಟ್ ಒಂದಲ್ಲ ಒಂದು ದಿನ ಕೈಕೊಡುತ್ತದೆ, ಅದೂ ಲೆಕ್ಕ ಬೇಕೇಬೇಕಾದ ದಿನವೇ. ಸಂಪರ್ಕ ಆಯಿತೋ ಇಲ್ಲವೋ ಎಂಬುದು ಪಿಪಿಪಿಡಿಗೆ ಗೊತ್ತಿರುತ್ತದೆ, ಅದನ್ನೇ ಕೇಳಬೇಕು. ಪಿಪಿಪಿಡಿಯನ್ನು ಆರಂಭಿಸುವ ಸಾಲಿನ ಕೊನೆಯ ಆಂಡ್ ಚಿಹ್ನೆಯನ್ನು (&) ತೆಗೆದು, ಅದರ ಬದಲು ಅಪ್‌ಡಿಟ್ಯಾಚ್ (updetach) ಎಂಬ ಆಯ್ಕೆಯನ್ನು ಕೊಡಿ. ಆಗ ಪಿಪಿಪಿಡಿ ಐಪಿ ವಿಳಾಸ ಸಿಗುವವರೆಗೂ ನಿಮ್ಮ ಸ್ಕ್ರಿಪ್ಟನ್ನು ಅಲ್ಲೇ ತಡೆದು ನಿಲ್ಲಿಸುತ್ತದೆ. ಸಿಕ್ಕ ಕೂಡಲೇ ತಾನು ಹಿನ್ನೆಲೆಗೆ ಸರಿದು, ಶೆಲ್‌ಗೆ ಸೊನ್ನೆಯನ್ನು, ಅಂದರೆ ಯಶಸ್ಸಿನ ಸಂಖ್ಯೆಯನ್ನು, ಹಿಂದಿರುಗಿಸುತ್ತದೆ. 11 ಸೆಕೆಂಡಿನಲ್ಲಿ ಆದರೆ 11, 50 ಆದರೆ 50. ಪರ್ಸಿಸ್ಟ್ ಆಯ್ಕೆ ಹಾಕಿದ್ದರೆ ತೆಗೆಯಿರಿ, ಏಕೆಂದರೆ ಅದಿದ್ದರೆ ಪಿಪಿಪಿಡಿ ಸೋತ ಮೇಲೂ ಮತ್ತೆ ಮತ್ತೆ ಪ್ರಯತ್ನಿಸುತ್ತಲೇ ಇರುತ್ತದೆ ಮತ್ತು ಸೋಲಿನ ಸುದ್ದಿ ನಿಮ್ಮ ಸ್ಕ್ರಿಪ್ಟಿಗೆ ಬೇಗ ಮುಟ್ಟುವುದಿಲ್ಲ.

ಸೊನ್ನೆಯಲ್ಲದ ಸಂಖ್ಯೆ ಬಂದರೆ ಅದನ್ನು ದಿನಾಂಕದೊಂದಿಗೆ ಒಂದು ಕಡತದಲ್ಲಿ ಬರೆದಿಡಿ. ಈ ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆ ಸಂಖ್ಯೆಯಲ್ಲಿ ರೋಗದ ಹೆಸರೇ ಇರುತ್ತದೆ. 6 ಎಂದರೆ ಪೋರ್ಟಿಗೆ ಬೀಗ ಹಾಕಲು ಆಗಲಿಲ್ಲ, ಅಂದರೆ ಹಿಂದಿನ ಸಲದ ಪಿಪಿಪಿಡಿ ಇನ್ನೂ ಅದನ್ನು ಹಿಡಿದು ಕೂತಿರಬಹುದು. 7 ಎಂದರೆ ಪೋರ್ಟ್ ತೆರೆಯಲೇ ಇಲ್ಲ. 8 ಎಂದರೆ ಡಯಲ್ ಮಾಡುವ ಚಾಟ್ ಸ್ಕ್ರಿಪ್ಟ್ ಸೋತಿತು. 10 ಬಂದರೆ ಡಯಲ್ ಆಗಿದೆ, ಮುಂದಿನ ಪಿಪಿಪಿ ಮಾತುಕತೆ ಮುರಿದಿದೆ. 19 ಬಂದರೆ ನಿಮ್ಮ ಹೆಸರು ಮತ್ತು ಗುಪ್ತಪದವನ್ನು ಆ ಕಡೆಯವರು ಒಪ್ಪಿಲ್ಲ.

8 ಬಂದ ದಿನಗಳಿಗಾಗಿ ಚಾಟ್ ಕಡತವನ್ನೂ ಸ್ವಲ್ಪ ತಿದ್ದಬೇಕು. ಚಾಟ್ ಮೋಡೆಮ್‌ಗೆ ಆಜ್ಞೆ ಕೊಟ್ಟು, ಸಹಜವಾಗಿ ಪ್ರತಿ ಉತ್ತರಕ್ಕೂ 45 ಸೆಕೆಂಡ್ ಕಾಯುತ್ತದೆ. ‘ನೋ ಕ್ಯಾರಿಯರ್’, ‘ಎರರ್’, ‘ಬಿಜಿ’ ಎಂಬ ಮಾತುಗಳನ್ನು ಅಬಾರ್ಟ್ ಎಂದು ಮೊದಲ ಸಾಲುಗಳಲ್ಲೇ ಬರೆದಿಟ್ಟರೆ, ಮೋಡೆಮ್ ಆ ಮಾತನ್ನು ಆಡಿದ ಕ್ಷಣವೇ ಚಾಟ್ ಕೈಬಿಡುತ್ತದೆ ಮತ್ತು ಯಾವ ಮಾತಿಗೆ ಕೈಬಿಟ್ಟಿತು ಎಂಬುದು ಲಾಗ್‌ನಲ್ಲಿ ಉಳಿಯುತ್ತದೆ. ಇದಕ್ಕೆ ಚಾಟ್‌ಗೆ ವಿ (-v) ಆಯ್ಕೆ ಕೊಟ್ಟಿರಬೇಕು. ಎಟಿಡಿ ನಕ್ಷತ್ರ 99 ಹ್ಯಾಶ್ (ATD*99#) ಎಂಬ ಡಯಲ್ ಸಾಲನ್ನು ಉದ್ಧರಣ ಚಿಹ್ನೆಯೊಳಗೇ ಇಡಿ. ಡಯಲ್‌ಗೆ ಮೊದಲು ಎಟಿ+ಸಿಎಸ್‌ಕ್ಯು ಎಂದು ಕೇಳಿಸಿ ಸಿಗ್ನಲ್ಲಿನ ಬಲವನ್ನೂ ಲಾಗ್‌ಗೆ ಇಳಿಸಿ: ಉತ್ತರ 0ರಿಂದ 31ರವರೆಗೆ ಬರುತ್ತದೆ, 99 ಬಂದರೆ ಅಳತೆಯೇ ಸಿಕ್ಕಿಲ್ಲವೆಂದು ಅರ್ಥ.

ಕಪ್ಪುಪರದೆಯವರೇ, ಡಬ್ಲ್ಯುವಿಡಯಲ್‌ನ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅದೂ ಕೊನೆಗೆ ಪಿಪಿಪಿಡಿಯನ್ನೇ ಕರೆಯುತ್ತದೆ; ಕುಳಿತು ಡಯಲ್ ಮಾಡುವವರಿಗೆ ಅದು ಅನುಕೂಲ, ಆದರೆ ಯಾರೂ ನೋಡದ ಹೊತ್ತಿನಲ್ಲಿ ಓಡಬೇಕಾದ ಕೆಲಸಕ್ಕೆ ನಡುವೆ ಇನ್ನೊಂದು ಪದರ ಏಕೆ?

ತೋಟದಮನೆ

ನೀವು ಹೇಳಿದಂತೆ ಬದಲಿಸಿ ಹತ್ತು ದಿನವಾಯಿತು. ಇಪ್ಪತ್ತರಲ್ಲಿ ಹದಿನೇಳು ಸಲ ಸೊನ್ನೆ ಬಂದಿದೆ. ಉಳಿದ ಮೂರರಲ್ಲಿ ಒಂದು 8, ಆಗ ಲಾಗ್‌ನಲ್ಲಿ ‘ನೋ ಕ್ಯಾರಿಯರ್’ ಎಂದಿದೆ, ಸಿಗ್ನಲ್ ಬಲ 5 ಇತ್ತು. ಇನ್ನೆರಡು ಸಲ ಬಂದದ್ದು 7. ಎರಡೂ ಸಲ ಡಾಂಗಲ್ಲಿನ ದೀಪ ಉರಿಯುತ್ತಲೇ ಇತ್ತು, ಆದರೂ ಪೋರ್ಟ್ ಏಕೆ ತೆರೆಯಲಿಲ್ಲ ಎಂಬುದು ತಿಳಿಯುತ್ತಿಲ್ಲ.

ಉತ್ತರ – ತಾಮ್ರತಂತಿ

ಸ್ಕ್ರಿಪ್ಟಿನ ಆಚೆಗೆ ಒಂದು ವಿಷಯ ಕೇಳುತ್ತೇನೆ: ಮಾಡಿನ ಅಂಚಿನಿಂದ ಜಗುಲಿಗೆ ಎಳೆದ ವೈರ್ ಎಷ್ಟು ಉದ್ದವಿದೆ? ಯುಎಸ್‌ಬಿ 2.0ರಲ್ಲಿ ಒಂದು ಕೇಬಲ್ಲಿನ ಮಿತಿ 5 ಮೀಟರ್. ಡಯಲ್ ಮಾಡುವಾಗಲೇ ಡಾಂಗಲ್ ಹೆಚ್ಚು ಕರೆಂಟ್ ಎಳೆಯುತ್ತದೆ, ಉದ್ದದ ತೆಳು ತಂತಿಯಲ್ಲಿ ವೋಲ್ಟೇಜ್ ಕುಸಿದು ಅದು ಕ್ಷಣಕಾಲ ಸತ್ತು ಮತ್ತೆ ಏಳುತ್ತದೆ. ಆ ಹೊತ್ತಿನಲ್ಲಿ ಪಿಪಿಪಿಡಿ ಹಳೆಯ ಪೋರ್ಟನ್ನು ಹಿಡಿದಿದ್ದರೆ, ಟಿಟಿವೈ ಯುಎಸ್‌ಬಿ 0 (ttyUSB0) ಎಂಬ ಹೆಸರಿದ್ದ ಪೋರ್ಟ್ ಬೇರೆ ಸಂಖ್ಯೆಯನ್ನು ಹೊತ್ತು ಏಳುತ್ತದೆ. ದೀಪ ಉರಿಯುತ್ತದೆ, ಆದರೆ ನಿಮ್ಮ ಸ್ಕ್ರಿಪ್ಟ್ ಕೇಳುವ ಹೆಸರಿನಲ್ಲಿ ಯಾರೂ ಇರುವುದಿಲ್ಲ. ಕರ್ನಲ್ ಲಾಗ್‌ನಲ್ಲಿ ‘ಯುಎಸ್‌ಬಿ ಡಿಸ್ಕನೆಕ್ಟ್’ ಎಂಬ ಸಾಲನ್ನು ಹುಡುಕಿ.

ಡೆವ್ ಕಡತಕೋಶದೊಳಗೆ ಸೀರಿಯಲ್, ಅದರೊಳಗೆ ಬೈ-ಐಡಿ ಎಂದಿರುವಲ್ಲಿ ಡಾಂಗಲ್ಲಿನ ಸ್ಥಿರ ಹೆಸರು ಇರುತ್ತದೆ. ಸ್ಕ್ರಿಪ್ಟಿನಲ್ಲಿ ಅದನ್ನೇ ಕೊಡಿ. ಕಿಲ್‌ಆಲ್ ಕೂಡ ಬೇಡ. ಲಿಂಕ್‌ನೇಮ್ ಆಯ್ಕೆಯಿಂದ ಸಂಪರ್ಕಕ್ಕೊಂದು ಹೆಸರಿಟ್ಟರೆ ಪಿಪಿಪಿಡಿ ಆ ಹೆಸರಿನ ಪಿಡ್ ಕಡತದಲ್ಲಿ ತನ್ನ ಪ್ರಕ್ರಿಯೆಯ ಸಂಖ್ಯೆಯನ್ನು ಬರೆದಿಡುತ್ತದೆ, ಆ ಸಂಖ್ಯೆಗೆ ಟರ್ಮ್ (ಕ್ರಮವಾಗಿ ಮುಗಿಸು ಎನ್ನುವ) ಸಂಕೇತ ಕಳುಹಿಸಿ. ಕೂಡಲೇ ಕೊಲ್ಲುವ ಸಂಕೇತ 9ನ್ನು ಕಳುಹಿಸಿದರೆ ಮೋಡೆಮನ್ನು ಕ್ರಮವಾಗಿ ಬಿಡಿಸಲು ಪಿಪಿಪಿಡಿಗೆ ಅವಕಾಶವೇ ಸಿಗುವುದಿಲ್ಲ.

ತೋಟದಮನೆ

ವೈರ್ ಅಳೆದೆ, ಎರಡು ತುಂಡು ಸೇರಿ ಹನ್ನೊಂದು ಮೀಟರ್. ಕರ್ನಲ್ ಲಾಗ್‌ನಲ್ಲಿ ನೀವು ಹೇಳಿದ ಸಾಲು ಎರಡೂ ದಿನ, 7 ಬರುವುದಕ್ಕಿಂತ ಹಿಂದಿನ ಡಯಲ್ಲಿನ ಹೊತ್ತಿಗೇ ಇದೆ. ಸ್ಥಿರ ಹೆಸರನ್ನು ಇಂದೇ ಹಾಕಿದ್ದೇನೆ. ಕಂಪ್ಯೂಟರನ್ನೇ ಅಟ್ಟಕ್ಕೆ ಏರಿಸಿದರೆ ಮೂರು ಮೀಟರ್ ವೈರ್ ಸಾಕಾಗುತ್ತದೆ, ಭಾನುವಾರ ಅದನ್ನು ಮಾಡಿ, ಮತ್ತೆ ಹತ್ತು ದಿನದ ಸಂಖ್ಯೆಗಳನ್ನು ಇಲ್ಲಿ ಬರೆಯುತ್ತೇನೆ.