ಶ್ರೀರಂಗಪಟ್ಟಣ ಕೋಟೆಯೊಳಗಿನ ಹಳೇ ಕಟ್ಟಡ: ಪ್ರವಾಸಿ ಮಾಹಿತಿ ಕೇಂದ್ರ, ಮಳಿಗೆ ಎರಡನ್ನೂ ಕೂರಿಸೋದು ಹೇಗೆ?

ಜಗುಲಿಕಟ್ಟೆ (ಪ್ರಶ್ನೆ)

ಕೋಟೆಯೊಳಗೆ ಸುಮಾರು ನೂರು ವರ್ಷದ ಕಟ್ಟಡ. 9 × 5.5 ಮೀಟರಿನ ಒಂದು ಹಜಾರ, ಪಕ್ಕದಲ್ಲಿ ಸಣ್ಣ ಕೋಣೆ, ಮುಂದೆ 2.1 ಮೀಟರ್ ಅಗಲದ ಜಗುಲಿ. ಇಟ್ಟಿಗೆ ಗೋಡೆ 600 ಮಿ.ಮೀ. ದಪ್ಪ, ಮೇಲೆ ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಓರೆಯಾಗಿ ಜೋಡಿಸಿದ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ). ಸದ್ಯಕ್ಕೆ ಹಜಾರದ ನಡುವೆ ಎದೆಮಟ್ಟದ ಕೌಂಟರ್, ಅದರ ಹಿಂದೆ ಗೋಡೆಗೆ ಬಡಿದ ಗಾಜಿನ ಬೀರುಗಳು, ತಲೆ ಮೇಲೆ ಪಿಓಪಿ ಸೀಲಿಂಗ್. ನೆಲದಿಂದ ಮೂರೂವರೆ ಅಡಿ ತನಕ ಸಿಮೆಂಟ್ ಗಾರೆ, ಅದರ ಮೇಲೆ ಎನಾಮೆಲ್ ಬಳಿದಿದ್ದಾರೆ. ಆ ಪಟ್ಟಿಯ ಮೇಲಂಚಿನಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದಿದೆ, ಬೆರಳಾಡಿಸಿದರೆ ಬಿಳಿ ಪುಡಿ ಉದುರುತ್ತೆ.

ಗೋಡೆಗೆ ವಾಟರ್‌ಪ್ರೂಫ್ ಕೋಟಿಂಗ್ ಹೊಡೆಸಿದರೆ ಸಾಕಾ? ಜಗುಲಿಗೆ ತಲಾ 150 ಮಿ.ಮೀ. ಎತ್ತರದ ಎರಡು ಮೆಟ್ಟಿಲಿವೆ, ಗಾಲಿಕುರ್ಚಿಗೆ ದಾರಿ ಹೇಗೆ? ಮಾಹಿತಿ ಕೇಳೋರು, ಸಾಮಾನು ಕೊಳ್ಳೋರು ಒಂದೇ ಹಜಾರದಲ್ಲಿ ಗುದ್ದಾಡದ ಹಾಗೆ ಜೋಡಿಸೋದು ಹೇಗೆ?

ಗಾರೆಕರಣೆ

ಕೋಟಿಂಗ್ ಮಾತ್ರ ಬೇಡ. ಈಗಾಗಲೇ ಆಗಿರೋ ತಪ್ಪು ಅದೇ. ಪಾಯದಿಂದ ಏರೋ ನೀರಿಗೆ ಸಿಮೆಂಟು, ಎನಾಮೆಲ್ ದಾಟಿ ಹೊರಬರೋಕೆ ದಾರಿ ಇಲ್ಲ. ಹಾಗಾಗಿ ಪಟ್ಟಿ ಮುಗಿಯೋ ತನಕ ಏರಿ, ಉಸಿರಾಡೋ ಸುಣ್ಣದ ಗಾರೆ ಸಿಕ್ಕಿದ ಕೂಡಲೇ ಅಲ್ಲಿ ಆವಿಯಾಗುತ್ತೆ, ಉಪ್ಪನ್ನು ಅಲ್ಲೇ ಬಿಡುತ್ತೆ. ಕೋಟಿಂಗ್ ಐದು ಅಡಿಗೆ ಹೊಡೆಸಿದರೆ ಹಪ್ಪಳ ಐದು ಅಡಿಯಲ್ಲಿ ಏಳುತ್ತೆ, ಅಷ್ಟೇ.

ಮೊದಲು ಹೊರಗಡೆ ನೋಡಿ. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಕನಿಷ್ಠ 150 ಮಿ.ಮೀ. ಕೆಳಗಿರಬೇಕು. ಇಂಥ ಕಡೆ ಪ್ರತಿ ಸಲ ರಸ್ತೆ ಮಾಡುವಾಗಲೂ ನೆಲ ಮೇಲೇರಿರುತ್ತೆ, ಗೋಡೆ ಬುಡಕ್ಕೆ ಕಾಂಕ್ರೀಟ್ ಅಂಟಿಸಿರ್ತಾರೆ. ಆ ಕಾಂಕ್ರೀಟನ್ನು 600ರಿಂದ 900 ಮಿ.ಮೀ. ಅಗಲಕ್ಕೆ ತೆಗೆದು ಜಲ್ಲಿ ತುಂಬಿಸಿ. ತಾರಸಿಯ ನೀರಿನ ಪೈಪು ಗೋಡೆ ಬುಡಕ್ಕೆ ಸುರಿಯದೆ ದೂರಕ್ಕೆ ಹರಿಯಲಿ.

ಆಮೇಲೆ ಒಳಗೆ. ಉಪ್ಪಿನ ಗುರುತು ಇರೋ ಕಡೆಯಿಂದ ಇನ್ನೂ 500 ಮಿ.ಮೀ. ಮೇಲಿನ ತನಕ ಗಾರೆ ಕೆತ್ತಿಸಿ. ಉಳಿ, ಸುತ್ತಿಗೆ ಸಾಕು, ಬ್ರೇಕರ್ ಮಿಷಿನ್ ಹಚ್ಚಿದರೆ ಇಟ್ಟಿಗೆಯ ಮುಖವೇ ಕಿತ್ತು ಬರುತ್ತೆ. ಸಂದುಗಳನ್ನು 20 ಮಿ.ಮೀ. ಆಳಕ್ಕೆ ಕೆರೆದು, ಉಪ್ಪನ್ನು ಒಣ ಬ್ರಷ್ಷಿನಿಂದ ಗುಡಿಸಿ ಹೊರಗೆ ಹಾಕಿ. ನೀರಲ್ಲಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಗೇ ಇಳಿಯುತ್ತೆ. ಕನಿಷ್ಠ ಒಂದು ಬೇಸಿಗೆ ಪೂರ್ತಿ ಹಾಗೇ ಬಿಡಿ. ಅಂದಾಜಿಗೆ ತಿಂಗಳಿಗೆ ಒಂದು ಇಂಚು ಒಣಗುತ್ತೆ ಅಂತಾರೆ, ಹಾಗೆ ಲೆಕ್ಕ ಹಾಕಿದರೆ ಎರಡೂ ಕಡೆಯಿಂದ ಒಣಗಿದರೂ ನಿಮ್ಮ ಗೋಡೆಗೆ ವರ್ಷ ಬೇಕು.

ಗಾರೆಗೆ ಅರೆದ ಸುಣ್ಣ 1, ಸುರ್ಕಿ (ಇಟ್ಟಿಗೆ ಪುಡಿ) 1, ಒರಟು ಮರಳು 2 ಪಾಲು. ಕಟ್ಟಡದಲ್ಲೇ ಕಿತ್ತ ಇಟ್ಟಿಗೆಯನ್ನು ಸುರ್ಕಿಗೆ ಕುಟ್ಟಿಸಬೇಡಿ, ಅದರ ಜೊತೆ ಉಪ್ಪೂ ಬರುತ್ತೆ. ಒಂದೊಂದು ಪದರ 10–12 ಮಿ.ಮೀ. ಮೀರಬಾರದು, ವಾರವಾದರೂ ಒದ್ದೆ ಗೋಣಿತಾಟು ಇಳಿಬಿಡಿ. ಗಾರೆಗೆ ಅಳಲೆಕಾಯಿ–ಬೆಲ್ಲದ ನೀರು ಬೆರೆಸೋದು ಪಳಗಿದ ಮೇಸ್ತ್ರಿ ಸಿಕ್ಕರೆ ಮಾತ್ರ. ಮೇಲೆ ಹಾಲಿನಷ್ಟು ತೆಳ್ಳಗೆ ಸುಣ್ಣ, ನಾಲ್ಕು ಸಲ. ಮೊದಲ ಕೆಲವು ವರ್ಷ ಈ ಗಾರೆ ಉಪ್ಪು ಕುಡಿದು ಉದುರಬಹುದು. ಉದುರಲಿ, ಗೋಡೆ ಉಳಿಯುತ್ತೆ.

ಸಂಜೆಗಾಳಿ

ಪಿಓಪಿ ಉಳಿಸ್ಕೊಂಡು ಎರಡು ಎಸಿ ಹಾಕಿಸಿದರೆ ತೇವವೂ ಬೇಗ ಒಣಗುತ್ತೆ, ಬರೋರಿಗೂ ತಂಪು ಅಲ್ವಾ?

ಗಾರೆಕರಣೆ

ಬೇಗ ಒಣಗಿಸಿದಷ್ಟೂ ಉಪ್ಪು ಬೇಗ ಹರಳುಗಟ್ಟುತ್ತೆ, ಇಟ್ಟಿಗೆಯ ಮುಖ ಸಿಡಿಯೋದೇ ಅದರಿಂದ. ಸಂಜೆ ಎಸಿ ಆರಿಸಿದ ಮೇಲೆ ತಣ್ಣಗಿರೋ ಸಾಮಾನಿನ ಮೇಲೆ ಹೊರಗಿನ ತೇವದ ಗಾಳಿ ಬೇರೆ ಕೂರುತ್ತೆ. ಗವಾಕ್ಷಿಗಳಿಗೆ ಬಡಿದಿರೋ ಹಲಗೆ ತೆಗೆದು ಜಾಲರಿ ಹಾಕಿಸಿ. ಇನ್ನು ಪಿಓಪಿ ಇದ್ದರೆ ತಾರಸಿ ಸೋರಿದ್ದೂ ಕಾಣಲ್ಲ, ಗೆದ್ದಲು ಹತ್ತಿದ್ದೂ ಕಾಣಲ್ಲ.

ನಕ್ಷೆ_ಅಳತೆ

ಹೊರಗಡೆ ಸಲಿಕೆ ಹಾಕೋ ಮೊದಲು ಕಾಗದ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಈ ಅಳತೆ ಶುರುವಾಗೋದು ಸ್ಮಾರಕದ ಗೋಡೆಯಿಂದಲ್ಲ, ಸಂರಕ್ಷಿತ ಜಾಗದ ಎಲ್ಲೆಯಿಂದ. ನಿಷೇಧಿತ ಪ್ರದೇಶದಲ್ಲಿ ಇದ್ದ ಕಟ್ಟಡವನ್ನು ಅನುಮತಿ ಪಡೆದು ರಿಪೇರಿ ಮಾಡಬಹುದು, ಹೊಸದಾಗಿ ಕಟ್ಟೋ ಹಾಗಿಲ್ಲ. ಚರಂಡಿ, ಸಾರ್ವಜನಿಕ ಶೌಚಾಲಯಗಳನ್ನು ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ‘ನಿರ್ಮಾಣ’ದ ವ್ಯಾಖ್ಯೆಯಿಂದ ಹೊರಗಿಟ್ಟಿದೆ, ನಿಜ. ಆದರೂ ಬಾಯಿಮಾತು ನಂಬದೆ ಬರಹದಲ್ಲೇ ಕೇಳಿ ಪಡೆಯಿರಿ.

ಇಳಿಜಾರು 1:12 ಅಂದರೆ 300 ಮಿ.ಮೀ. ಎತ್ತರಕ್ಕೆ 3.6 ಮೀಟರ್ ಉದ್ದ. ಜಾಗ ಇದ್ದರೆ 1:15 ಮಾಡಿ (4.5 ಮೀಟರ್), ತಳ್ಳೋರ ಕೈಗೆ ಆ ವ್ಯತ್ಯಾಸ ಗೊತ್ತಾಗುತ್ತೆ. ಅಗಲ 1200, ಎರಡೂ ತುದಿಯಲ್ಲಿ 1500 ಮಿ.ಮೀ. ಸಮತಟ್ಟು, ಎರಡೂ ಕಡೆ ಹಿಡಿದುಕೊಳ್ಳೋಕೆ ಕಂಬಿ. ಮೆಟ್ಟಿಲ ಮುಂದೆ ನೇರವಾಗಿ ಬೇಡ, ಜಗುಲಿಯ ಪಕ್ಕದ ತುದಿಯಿಂದ ಹತ್ತಿಸಿ. ಕಬ್ಬಿಣದ ಚೌಕಟ್ಟು ಕಟ್ಟಿ, ರಬ್ಬರ್ ದಿಂಡಿನ ಮೇಲೆ ಕೂರಿಸಿ. ಜಗುಲಿ ಕಲ್ಲಿಗೆ ಒಂದೂ ಬೋಲ್ಟ್ ಬೇಡ.

ಕೌಂಟರು ಎರಡು ಎತ್ತರದಲ್ಲಿರಲಿ. ನಿಂತು ಮಾತಾಡೋರಿಗೆ 1050, ಗಾಲಿಕುರ್ಚಿಯವರಿಗೆ 750–800 ಮಿ.ಮೀ., ಈ ಕೆಳಗಿನ ಭಾಗದಲ್ಲಿ ಮಂಡಿ ತೂರೋಕೆ ಖಾಲಿ ಜಾಗ. ಮರಗೆಲಸದವರು ಅಲ್ಲೇ ಡ್ರಾಯರ್ ಕೂರಿಸಿ ಮಂಡಿಗೆ ಜಾಗ ಇಲ್ಲದ ಹಾಗೆ ಮಾಡ್ತಾರೆ, ನಕ್ಷೆಯಲ್ಲೇ ‘ಡ್ರಾಯರ್ ಇಲ್ಲ’ ಅಂತ ಬರೆಸಿ. ವೈರಿಂಗ್‌ಗೆ ಗೋಡೆ ಕೊರೆಯೋದು ಬೇಡ, ಪೀಠೋಪಕರಣದ ಒಳಗೇ ಓಡಿಸಿ. ಕ್ಲಾಂಪ್ ಹೊಡೆಯಲೇಬೇಕಾದರೆ ಇಟ್ಟಿಗೆಗಲ್ಲ, ಸಂದಿಗೆ.

ಮಳಿಗೆಲೆಕ್ಕ

ಒಳಗೆ ಬರೋರ ಮೊದಲ ಪ್ರಶ್ನೆ ಇತಿಹಾಸದ್ದಲ್ಲ: ಶೌಚಾಲಯ ಎಲ್ಲಿ, ದೇವಸ್ಥಾನ ಎಷ್ಟಕ್ಕೆ ಮುಚ್ಚುತ್ತೆ, ಮೈಸೂರು ಬಸ್ ಎಲ್ಲಿ ನಿಲ್ಲುತ್ತೆ. ಈ ಮೂರಕ್ಕೂ ಉತ್ತರ ಜಗುಲಿಯ ಫಲಕದಲ್ಲೇ ಇದ್ದರೆ ಕೌಂಟರಿನ ಮುಂದೆ ಅರ್ಧ ಗುಂಪು ಕರಗುತ್ತೆ. ಬಾಗಿಲಿಂದ ಒಳಗೆ ಎರಡು ಮೀಟರ್ ಖಾಲಿ ಬಿಡಿ, ಬಿಸಿಲಿಂದ ಬಂದ ಕಣ್ಣಿಗೆ ಅಷ್ಟು ಹೊತ್ತು ಬೇಕು. ಕೌಂಟರ್ ಎಡಗೋಡೆ ಕಡೆ, ಮಳಿಗೆ ಹಜಾರದ ಹಿಂದಿನ ಅರ್ಧ. ಕೊಳ್ಳದೆ ಹೊರಗೆ ಹೋಗೋರು ಮಳಿಗೆಯನ್ನು ಸುತ್ತಿಕೊಂಡು ಹೋಗೋ ಹಾಗೆ ಮಾಡಬೇಡಿ, ಜನಕ್ಕೆ ಸಿಟ್ಟು ಬರುತ್ತೆ. ಶಾಲಾ ಪ್ರವಾಸದ ಐವತ್ತು ಮಕ್ಕಳನ್ನು ಒಳಗೆ ಬಿಡಲೇಬೇಡಿ, ಅವರಿಗೆ ಜಗುಲಿಯಲ್ಲೇ ವಿವರಣೆ.

ಕಪಾಟು ಗೋಡೆಯಿಂದ 75, ನೆಲದಿಂದ 150 ಮಿ.ಮೀ. ದೂರ, ಹಿಂಬದಿ ತೆರೆದಿರಲಿ. ಗೋಡೆಗೆ ಒರಗಿದ ಪುಸ್ತಕಕ್ಕೆ ಒಂದೇ ಮಳೆಗಾಲದಲ್ಲಿ ಬೂಷ್ಟು. ಚನ್ನಪಟ್ಟಣದ ಗೊಂಬೆಯನ್ನು ಕಿಟಕಿ ಬಿಸಿಲಿಗೆ ಇಟ್ಟರೆ ಬಣ್ಣ ಮಾಸುತ್ತೆ, ಬಿಸಿ ದೀಪಕ್ಕೆ ಹತ್ತಿರ ಇಟ್ಟರೆ ಅರಗು ಮೆತ್ತಗಾಗಿ ಧೂಳು ಕಚ್ಚುತ್ತೆ. ಅಗರಬತ್ತಿ, ಗಂಧದ ಸೋಪು ಒಂದು ಮೂಲೆಯಲ್ಲಿರಲಿ, ರೇಷ್ಮೆಗೂ ಪುಸ್ತಕಕ್ಕೂ ಆ ವಾಸನೆ ಹತ್ತಿದರೆ ಬಿಡಲ್ಲ. ಮೈಸೂರು ಗಂಜೀಫಾ ಎಲೆಗಳ (ಚಿತ್ರ ಬರೆದ ಹಳೇ ಕಾಲದ ಇಸ್ಪೀಟೆಲೆ) ಅಸಲಿ ಚಿತ್ರವಿದ್ದರೆ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟಬಾರದು. ಮಾರೋ ಪ್ರತಿಗಳಿಗೆ ಈ ಕಟ್ಟುಪಾಡಿಲ್ಲ.

ಮರೆಯೋ ಮುಂಚೆ: ಭೂಪಟವನ್ನು ಹೊಸದಾಗಿ ಬರೆಸಿ. ರೈಲು ಹಳಿ ಜೋಡಿ ಮಾಡೋಕೆ ಟಿಪ್ಪುವಿನ ಮದ್ದಿನ ಮನೆಯೊಂದನ್ನು 2017ರಲ್ಲಿ ಇಡಿಯಾಗಿ ಎತ್ತಿ ಸರಿಸಿದ್ದಾರೆ. ಹಳೇ ಬೋರ್ಡಿನ ನಕಲು ಹೊಡೆಸಿದರೆ ಭೂಪಟದಲ್ಲಿ ಆ ಮದ್ದಿನ ಮನೆ ಹಳೇ ಜಾಗದಲ್ಲೇ ಇರುತ್ತೆ.

ಜಗುಲಿಕಟ್ಟೆ

ಪಿಓಪಿಯ ಒಂದು ಮೂಲೆ ತೆಗೆಸಿದೆ. ಮೂರನೇ ತೊಲೆ ಗೋಡೆಯೊಳಗೆ ಹೋಗೋ ಕಡೆ ಸ್ಕ್ರೂಡ್ರೈವರ್ 40 ಮಿ.ಮೀ. ಇಳಿಯಿತು. ಸಿಮೆಂಟ್ ತುಂಬಿಸಬಹುದಾ?

ಗಾರೆಕರಣೆ

ಸಿಮೆಂಟ್ ಬೇಡ, ನೀರು ಹಿಡಿದಿಟ್ಟು ಉಳಿದ ಮರವನ್ನೂ ಕೊಳೆಸುತ್ತೆ. ಇವತ್ತೇ ಗೋಡೆಯಿಂದ ಎರಡು ಅಡಿ ಈಚೆ ಜಾಕಿ ಕೊಡಿಸಿ, ಮೇಲೆ ಕೆಳಗೆ ದಪ್ಪ ಹಲಗೆ ಇರಲಿ. ತೊಲೆಗೆ ತಾಗಿ ಬಿಗಿಯಾದರೆ ಸಾಕು, ಎತ್ತೋಕೆ ಹೋದರೆ ಮೇಲಿನ ಓರೆ ಇಟ್ಟಿಗೆ ಸಡಿಲವಾಗುತ್ತೆ. ಆ ಕಡೆ ಜನ ಓಡಾಡೋದು ಬೇಡ.

ಉಳಿದ ತೊಲೆಗಳ ಎರಡೂ ತುದಿ ಚುಚ್ಚಿ ನೋಡಿ, ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿ. ಸಾಮಾನ್ಯವಾಗಿ ಕೊಳೆತ ತುದಿ ಕತ್ತರಿಸಿ, ಎರಡೂ ಬದಿಗೆ ಉಕ್ಕಿನ ಚಾನೆಲ್ ಬೋಲ್ಟ್ ಮಾಡಿ ಗೋಡೆ ಮೇಲೆ ಕೂರಿಸ್ತಾರೆ. ಮರದ ಸುತ್ತ ಒಂದೆರಡು ಬೆರಳು ಗಾಳಿ ಸಂದಿ ಬಿಡಿಸಿ. ಅದೇ ತುದಿಯ ಮೇಲೆ ತಾರಸಿಯ ನೀರು ಇಳಿಯೋ ಬಾಯಿ ಇದೆಯಾ ನೋಡಿ, ಬಹಳ ಸಲ ಅಲ್ಲೇ ಇರುತ್ತೆ. ಸೋರಿಕೆಗೆ ಅಂತ ಮೇಲೆ 50 ಮಿ.ಮೀ. ಕಾಂಕ್ರೀಟ್ ಹಾಕೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಅದು ಚದರ ಮೀಟರಿಗೆ 120 ಕೆ.ಜಿ. ಹೆಚ್ಚುವರಿ ಭಾರ.