ಕಾಲು ಒತ್ತುವ ಯಂತ್ರ: ಮೂರು ತಲೆಮಾರಿನವರನ್ನು ಏನಂತ ಕೇಳಬೇಕು?

ಪ್ರಶ್ನೆ: ಪ್ರಾಡಕ್ಟ್ ಡಿಸೈನ್ ಓದುತ್ತಿದ್ದೇನೆ. ಮೊಬೈಲ್ ಆ್ಯಪ್‌ನಿಂದ ನಡೆಯುವ ಕಾಲು ಮಸಾಜ್ ಯಂತ್ರ ನನ್ನ ಪ್ರಾಜೆಕ್ಟ್. ಕಾಲೇಜಿನವರಿಂದ ಹಿಡಿದು 70 ದಾಟಿದವರವರೆಗೆ ಯಾರಿಗೆ ಏನು ಬೇಕು ಅಂತ ತಿಳಿಯಬೇಕು. ಗೂಗಲ್ ಫಾರ್ಮ್ ಕಳಿಸಿದರೆ ಎಲ್ಲರೂ ‘ತುಂಬಾ ಚೆನ್ನಾಗಿದೆ, ಕೊಳ್ತೀವಿ’ ಅಂತಲೇ ತುಂಬಿದ್ದಾರೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1: ಫಾರ್ಮ್ ಬಿಡಿ, ರಾತ್ರಿ ಊಟದ ಹೊತ್ತು ಕಳೆದ ಮೇಲೆ ಮನೆಗಳಿಗೆ ಹೋಗಿ. ಇಂಥದ್ದೇ ಕೆಲಸಕ್ಕೆ ಮೈಸೂರಿನ ಒಂದು ಮನೆಗೆ ಹೋಗಿದ್ದೆ. ಅಜ್ಜಿಯನ್ನು “ಸ್ಟ್ರೆಸ್ ಆಗುತ್ತಾ?” ಅಂದೆ. “ನಂಗೇನಪ್ಪಾ ಸ್ಟ್ರೆಸ್ಸು, ಮಕ್ಕಳು ಚೆನ್ನಾಗಿ ನೋಡ್ಕೋತಾರೆ” ಅಂದರು. ಪಕ್ಕದಲ್ಲೇ ಸೊಸೆ ಕೂತಿದ್ದರು. ಅವರು ಒಳಗೆ ಹೋದ ಮೇಲೆ “ನಿನ್ನೆ ಮಲಗೋ ಮುಂಚೆ ಏನು ಮಾಡಿದ್ರಿ ಅಜ್ಜಿ?” ಅಂತ ಕೇಳಿದೆ. ಮಂಚದ ಕೆಳಗಿಂದ ಹರಳೆಣ್ಣೆ ಶೀಶೆ, ಕಂಚಿನ ಬಟ್ಟಲು ಹೊರಬಂತು. ಎಡ ಅಂಗಾಲಿಗೆ ಎಣ್ಣೆ ಸವರಿ ಬಟ್ಟಲಿನ ತಳದಿಂದ ಉಜ್ಜಿದರು. ಬಲಗಾಲಿಗೆ ಬಗ್ಗೋಕಾಗದೆ ಅರ್ಧಕ್ಕೇ ಬಿಟ್ಟರು. “ಮೊದಲು ಮೊಮ್ಮಗಳು ಉಜ್ಜೋಳು, ಈಗ ಅವಳಿಗೆ ಪರೀಕ್ಷೆ.” ಅವರಿಗೆ ಬೇಕಿದ್ದದ್ದು ಕೂತಲ್ಲೇ, ಬಗ್ಗದೆ ಕಾಲಿಡೋ ಯಂತ್ರ. ಆ್ಯಪ್ ಬೇಕಾಗಿಯೇ ಇರಲಿಲ್ಲ.

ಅದೇ ಮನೆಯ ಮಗ ಆಗಲೇ ಒಂದು ಯಂತ್ರ ಕೊಂಡು ಬೀರುವಿನ ಮೇಲಿಟ್ಟಿದ್ದರು. ಸೋಫಾ ಹತ್ತಿರ ಪ್ಲಗ್ ಪಾಯಿಂಟ್ ಇಲ್ಲ, ರಾತ್ರಿ ಹಾಕಿದರೆ ಸದ್ದು. ಮೊಮ್ಮಗಳು ಇಯರ್‌ಫೋನ್‌ನಲ್ಲಿ ಮಳೆ ಸದ್ದು ಕೇಳುತ್ತಾ ಮಲಗುತ್ತಾಳೆ. ಮೂವರನ್ನೂ ಒಬ್ಬೊಬ್ಬರಾಗಿಯೇ ಮಾತಾಡಿಸಿ. ಒಟ್ಟಿಗೆ ಕೂರಿಸಿದರೆ ಹಿರಿಯರು ಮನೆಯ ಮರ್ಯಾದೆ ನೋಡುತ್ತಾರೆ.

ಉತ್ತರ 2: ನಾನು ಫಿಸಿಯೋಥೆರಪಿಸ್ಟ್. ಯಂತ್ರದೊಳಗೆ ಯಾರ ಕಾಲನ್ನೇ ಇಡಿಸುವ ಮುಂಚೆ ದಯವಿಟ್ಟು ಇಷ್ಟು ಕೇಳಿ: ಶುಗರ್ ಇದೆಯಾ, ಪಾದ ಮರಗಟ್ಟಿದ ಹಾಗಿದೆಯಾ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತಾ, ಪೇಸ್‌ಮೇಕರ್ ಹಾಕಿಸಿದ್ದಾರಾ. ಶುಗರ್‌ನಿಂದ ಪಾದದ ಸ್ಪರ್ಶ ಹೋದವರಿಗೆ ಯಂತ್ರದ ಬಿಸಿ ಜಾಸ್ತಿಯಾಗಿದ್ದೇ ಗೊತ್ತಾಗಲ್ಲ, ಬೊಬ್ಬೆ ಬಂದ ಮೇಲೇ ನೋಡುತ್ತಾರೆ. ರಕ್ತ ಹೆಪ್ಪುಗಟ್ಟಿದ ಕಾಲನ್ನು ಒತ್ತಿದರೆ ಆ ಗಂಟು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಅಪಾಯ ಆಗಬಹುದು. ಹೌದು ಅಂದವರ ಮೇಲೆ ಪ್ರಯೋಗ ಬೇಡ, ಮಾತು ಮಾತ್ರ ಸಾಕು.

ಉತ್ತರ 3: ಇನ್ನೊಂದು, ಯಂತ್ರದ ಸದ್ದು. ವಯಸ್ಸಾದಂತೆ ಕೀರಲು ಸದ್ದು ಮೊದಲು ಕೇಳಿಸದಾಗುತ್ತದೆ. ಮುಗೀತು ಅಂತ ಯಂತ್ರ ಬೀಪ್ ಮಾಡಿದರೂ ನಮ್ಮಪ್ಪ ಕಾಲು ಒಳಗಿಟ್ಟುಕೊಂಡೇ ಕೂತಿರುತ್ತಿದ್ದರು. ಸಾಧ್ಯವಾದರೆ ಮಾದರಿ ಯಂತ್ರವನ್ನು ಎರಡು ವಾರ ಮನೆಯಲ್ಲೇ ಬಿಟ್ಟು ಬನ್ನಿ. ತಿರುಗಿ ಹೋದಾಗ ಅದರ ಮೇಲೆ ಮಡಚಿದ ಬಟ್ಟೆ ಪೇರಿಸಿದ್ದರೆ ಬೇಜಾರಾಗಬೇಡಿ, ಯಾವತ್ತಿನಿಂದ ಬಟ್ಟೆ ಇಡೋಕೆ ಶುರು ಮಾಡಿದ್ರಿ ಅಂತ ಕೇಳಿ ಬರೆದುಕೊಳ್ಳಿ.